ಮಾಟುಂಗಾ ಸುತ್ತಾಟ: ಕಿಸೆ ಕೇಳದ ಒಂದು ದಿನ

ಮುಂಬಯಿಗೆ ಬಂದ ನೆಂಟರಿಗೆ ಊರು ತೋರಿಸುವುದು ಖರ್ಚಿನ ಬಾಬ್ತು. ಎಲಿಫೆಂಟಾಕ್ಕೆ ದೋಣಿಯ ಟಿಕೆಟ್, ಅಲ್ಲಿ ಇಳಿದ ಮೇಲೆ ಗುಹೆಯ ಟಿಕೆಟ್, ಮ್ಯೂಸಿಯಮ್ಮಿಗೆ ಮತ್ತೊಂದು, ಜುಹುವಿಗೆ ಹೋಗಿಬರಲು ಟ್ಯಾಕ್ಸಿ. ನಾಲ್ಕು ಜನರ ಸಂಸಾರವಾದರೆ ಸಂಜೆಯೊಳಗೆ ಐನೂರರ ನೋಟುಗಳು ಒಂದರ ಹಿಂದೆ ಒಂದು ಖಾಲಿ. ಊರಿನಿಂದ ಬಂದವರಲ್ಲಿ ಕಾಲ್ನಡಿಗೆಗೆ ಅಂಜದವರಿದ್ದರೆ ನಾನು ಹೇಳುವ ಹೆಸರು ಬೇರೆ. ಮಾಟುಂಗಾಕ್ಕೆ ಹೋಗಿ, ಬೆಳಗ್ಗೆ ಹೋಗಿ, ಹಸಿದ ಹೊಟ್ಟೆಯಲ್ಲಿ ಹೋಗಿ.

ದಾದರ್ ಮತ್ತು ಸಾಯನ್ ನಡುವಿನ ಈ ಬಡಾವಣೆ ಇವತ್ತು ನಗರದ ನಟ್ಟನಡುವೆ ಇದೆ. ನೂರು ವರ್ಷದ ಹಿಂದೆ ಇದು ಉಪನಗರ, ಊರ ಹೊರಗಿನ ಹೊಸ ಬಡಾವಣೆ. ಇಲ್ಲಿ ಟಿಕೆಟ್ ಪಡೆದು ನೋಡುವಂಥದ್ದು ಹೆಚ್ಚೇನಿಲ್ಲ, ಪ್ರವಾಸಿ ಬಸ್ಸುಗಳೂ ನಿಲ್ಲುವುದಿಲ್ಲ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಕಣ್ಣಿಗೆ, ಕಿವಿಗೆ, ಕಾಲಿಗೆ, ನಾಲಿಗೆಗೆ ಬೇಕಾದ್ದೆಲ್ಲ ಇದೆ. ಅದರಲ್ಲಿ ಹೆಚ್ಚಿನದು ಬಿಟ್ಟಿ, ಉಳಿದದ್ದು ಅಗ್ಗ.

ಇಳಿಯುವುದು ಎಲ್ಲಿ

ಮಾಟುಂಗಾಕ್ಕೆ ಮೂರು ರೈಲ್ವೆ ದಾರಿಗಳಿಂದ ಮೂರು ನಿಲ್ದಾಣ. ಮಧ್ಯ ರೈಲ್ವೆಯಲ್ಲಿ ಮಾಟುಂಗಾ, ಪಶ್ಚಿಮ ರೈಲ್ವೆಯಲ್ಲಿ ಮಾಟುಂಗಾ ರೋಡ್, ಹಾರ್ಬರ್ ಹಾದಿಯಲ್ಲಿ ಕಿಂಗ್ಸ್ ಸರ್ಕಲ್. ನಡಿಗೆ ಆರಂಭಿಸಲು ಮೊದಲನೆಯದೇ ಸರಿ. ಫಾಸ್ಟ್ ಗಾಡಿ ಇಲ್ಲಿ ನಿಲ್ಲುವುದಿಲ್ಲ, ಸ್ಲೋ ಗಾಡಿಯನ್ನೇ ಹಿಡಿಯಬೇಕು. ಮಂಗಳೂರು ಕಡೆಯಿಂದ ಮತ್ಸ್ಯಗಂಧದಲ್ಲಿ ಬಂದು ಕುರ್ಲಾ ಟರ್ಮಿನಸ್ಸಿನಲ್ಲಿ ಇಳಿದವರಿಗೆ ಕುರ್ಲಾ ನಿಲ್ದಾಣದಿಂದ ಇದು ಎರಡನೆಯ ಸ್ಟೇಷನ್. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬಂದವರು ದಾದರಿನಲ್ಲಿ ಇಳಿದರೆ ಮುಂದಿನ ಸ್ಟೇಷನ್ನೇ ಮಾಟುಂಗಾ. ಲೋಕಲ್ಲಿನ ಎರಡನೇ ದರ್ಜೆಯ ಕನಿಷ್ಠ ದರ ₹5.

ಈ ನಿಲ್ದಾಣಕ್ಕೊಂದು ವಿಶೇಷವಿದೆ. 2017ರಲ್ಲಿ ಇಲ್ಲಿಯ ಕೆಲಸವನ್ನು ಪೂರ್ತಿಯಾಗಿ ಮಹಿಳಾ ಸಿಬ್ಬಂದಿಗೆ ವಹಿಸಲಾಯಿತು. ಟಿಕೆಟ್ ಕೊಡುವವರು, ಟಿಕೆಟ್ ನೋಡುವವರು, ಸ್ಟೇಷನ್ ಮೇನೇಜರ್, ರೈಲ್ವೆ ಪೊಲೀಸರು, ಎಲ್ಲರೂ ಹೆಂಗಸರು. ದೇಶದಲ್ಲಿ ಇಂಥದ್ದು ಮೊದಲು ಎಂದು ಲಿಮ್ಕಾ ದಾಖಲೆ ಪುಸ್ತಕದಲ್ಲಿ ಹೆಸರೂ ಬಂತು. ಪೂರ್ವದ ಬಾಗಿಲಿನಿಂದ ಹೊರಬನ್ನಿ. ಪಶ್ಚಿಮಕ್ಕಿರುವುದು ರೈಲ್ವೆಯ ದೊಡ್ಡ ವರ್ಕ್‌ಶಾಪು. ಅದನ್ನು ದಾಟಿ ಆಚೆಯ ಮಾಟುಂಗಾ ರೋಡಿಗೆ ಹೋಗಬೇಕಾದವರಿಗೆ ಅಂಕುಡೊಂಕಾದ ಕಾಲ್ಸೇತುವೆಯೊಂದಿದೆ, ಜನ ಅದನ್ನು ಜ಼ೆಡ್ ಬ್ರಿಜ್ ಎನ್ನುತ್ತಾರೆ. ಸಂಜೆಗೆ ಅದು ಬೇಕಾದೀತು, ನೆನಪಿಡಿ.

ಹೂವು, ತರಕಾರಿ, ಕಾಫಿಪುಡಿ

ನಿಲ್ದಾಣದ ಹೊರಗೆ ಹತ್ತು ಹೆಜ್ಜೆ ಇಟ್ಟರೆ ಮೂಗಿಗೆ ಮೊದಲು ತಾಗುವುದು ಮಲ್ಲಿಗೆ. ಭಂಡಾರ್ಕರ್ ರಸ್ತೆ, ತೆಲಂಗ್ ರಸ್ತೆಯ ಸುತ್ತಮುತ್ತ ಹೂಕಟ್ಟುವವರು ಬೆಳಗ್ಗೆಯೇ ಕೂತಿರುತ್ತಾರೆ. ಮಹಾರಾಷ್ಟ್ರದ ಬೇರೆ ಪೇಟೆಗಳಲ್ಲಿ ಝೆಂಡು ಹೂವಿನದೇ ದರ್ಬಾರು. ಇಲ್ಲಿ ಮಲ್ಲಿಗೆ, ಕನಕಾಂಬರ, ತುಳಸಿಮಾಲೆ, ಮದುವೆಯ ದಪ್ಪ ಹಾರ. ಮಾರುವವರು ತಮಿಳಿನಲ್ಲಿ ಬೆಲೆ ಹೇಳುತ್ತಾರೆ, ಕೊಳ್ಳುವವರು ಗುಜರಾತಿಯಲ್ಲಿ ಚೌಕಾಸಿ ಮಾಡುತ್ತಾರೆ, ವ್ಯಾಪಾರ ಹಿಂದಿಯಲ್ಲಿ ಕುದುರುತ್ತದೆ. ನಿಂತು ಕೇಳಲು ಕಾಸು ಬೇಡ.

ಪಕ್ಕದ ತರಕಾರಿ ಪೇಟೆಯಲ್ಲಿ ಬಾಳೆದಿಂಡು, ಬಾಳೆಹೂವು, ಬಾಳೆಲೆ, ಬೂದುಗುಂಬಳ, ನುಗ್ಗೆ, ಸುವರ್ಣಗೆಡ್ಡೆ, ಮಂಗಳೂರು ಸೌತೆ. ಠಾಣೆಯಲ್ಲೋ ಡೊಂಬಿವಲಿಯಲ್ಲೋ ಮನೆ ಮಾಡಿಕೊಂಡ ನಮ್ಮ ಊರಿನವರು ಹಬ್ಬದ ಮುನ್ನಾದಿನ ರೈಲು ಹತ್ತಿ ಇಲ್ಲಿಗೆ ಬರುವುದು ಇದಕ್ಕಾಗಿಯೇ. ನಾಗರಪಂಚಮಿಗೆ ಅರಸಿನೆಲೆ, ಚೌತಿಗೆ ಕಬ್ಬು ಎಲ್ಲಿ ಸಿಗುತ್ತದೆ ಎಂದು ಯಾರನ್ನಾದರೂ ಕೇಳಿ ನೋಡಿ, ಬರುವ ಉತ್ತರ ಒಂದೇ. ಕಾಫಿಬೀಜ ಹುರಿದು ಪುಡಿ ಮಾಡಿಕೊಡುವ ಹಳೆಯ ಅಂಗಡಿಗಳೂ ಇದೇ ಆಸುಪಾಸಿನಲ್ಲಿವೆ. ಅವುಗಳಲ್ಲಿ ಒಂದರ ಹೆಸರು ‘ಮೈಸೂರು ಕನ್ಸರ್ನ್’. ಚಿಕೋರಿ ಎಷ್ಟು ಬೆರೆಸಬೇಕು ಎಂದು ಗಿರಾಕಿಯನ್ನು ಕೇಳಿಯೇ ಬೆರೆಸುವ ಪದ್ಧತಿ ಇಂಥ ಅಂಗಡಿಗಳದ್ದು. ಬೇರೇನೂ ಕೊಳ್ಳದಿದ್ದರೂ ನೂರು ಗ್ರಾಂ ಪುಡಿ ಕಟ್ಟಿಸಿಕೊಳ್ಳಿ, ವಾಪಸು ಹೋಗುವ ರೈಲಿನ ಡಬ್ಬಿಯೆಲ್ಲ ಘಮಘಮ.

ಭಂಡಾರ್ಕರ್ ರಸ್ತೆಯಲ್ಲೇ ಆಸ್ತಿಕ ಸಮಾಜದ ದೇವಸ್ಥಾನ. ಕಚೇರಿಗೆ ಹೊರಟವರು ಚಪ್ಪಲಿ ಬಿಟ್ಟು ಒಂದು ನಿಮಿಷ ಕೈಮುಗಿದು ಸ್ಟೇಷನ್ನಿಗೆ ಓಡುತ್ತಾರೆ. ಪಂಚೆ ಉಟ್ಟ ಹಿರಿಯರು ಮಾತ್ರ ಅವಸರವಿಲ್ಲದೆ ಕೂತಿರುತ್ತಾರೆ. ರಾಮನವಮಿಯ ದಿನಗಳಲ್ಲಿ, ಮಾರ್ಗಶಿರದಲ್ಲಿ ಈ ಸುತ್ತಿನ ದೇವಸ್ಥಾನಗಳಲ್ಲಿ ಭಜನೆ, ಪ್ರವಚನ, ಕಛೇರಿಗಳು ಸಾಲಾಗಿ ನಡೆಯುತ್ತವೆ. ಹೊರಗೆ ಹಾಕಿರುವ ಫಲಕ ಓದಿಕೊಂಡರೆ ಸಾಕು, ಆ ವಾರದ ಸಂಗೀತದ ಪಟ್ಟಿ ಸಿಕ್ಕಿತು.

ಉಪ್ಪಿಟ್ಟಿನ ಮುಂದೆ ಸಾಲು

ಈಗ ಹೊಟ್ಟೆಯ ವಿಚಾರ. ಉಡುಪಿ ಹೋಟೆಲಿನ ಮುಂಬಯಿ ಚರಿತ್ರೆಯನ್ನು ಓದಬೇಕಾದವರು ಪುಸ್ತಕ ಹುಡುಕುವ ಮೊದಲು ಇಲ್ಲಿ ತಿಂಡಿ ತಿನ್ನಬೇಕು. ಕೆಫೆ ಮೈಸೂರು 1936ರದ್ದು. ಕೆಫೆ ಮದ್ರಾಸ್ 1940ರದ್ದು. ಹೆಸರಿನಲ್ಲಿ ಮದ್ರಾಸು ಇದ್ದರೂ ನಡೆಸಿಕೊಂಡು ಬಂದವರು ಕಾಮತರು. ಆ ಕಾಲದ ಮುಂಬಯಿಗರಿಗೆ ವಿಂಧ್ಯದ ಕೆಳಗಿನವರೆಲ್ಲ ಮದ್ರಾಸಿಗಳೇ ಆಗಿದ್ದರಿಂದ ಗಿರಾಕಿಗೆ ಅರ್ಥವಾಗುವ ಹೆಸರನ್ನು ಇಟ್ಟದ್ದರಲ್ಲಿ ವ್ಯಾಪಾರದ ಜಾಣ್ಮೆ ಇದೆ. ರಾಗಿ ದೋಸೆ, ನೀರುದೋಸೆ, ಪೊಂಗಲ್, ಉಪ್ಪಿಟ್ಟು, ಬೆಣ್ಣೆ ಹಾಕಿದ ಇಡ್ಲಿ, ಸ್ಟೀಲಿನ ಲೋಟ ಬಟ್ಟಲಲ್ಲಿ ಕಾಫಿ. ಶನಿವಾರ ಭಾನುವಾರ ಬಾಗಿಲಲ್ಲಿ ಹೆಸರು ಬರೆಸಿ ಕಾಯುವವರ ಗುಂಪು ಫುಟ್‌ಪಾತ್ ತುಂಬಿರುತ್ತದೆ. ವಾರದ ನಡುವೆ ಹೋದರೆ ಕಾಯುವುದು ಕಡಿಮೆ. ಸೋಮವಾರ ಕೆಫೆ ಮದ್ರಾಸಿಗೆ ರಜೆ.

ಒಂದು ತಿಂಡಿ, ಒಂದು ಕಾಫಿಗೆ ನೂರು, ನೂರೈವತ್ತು ರೂಪಾಯಿಯ ಲೆಕ್ಕ ಹಾಕಿಕೊಳ್ಳಿ. ದಕ್ಷಿಣ ಮುಂಬಯಿಯ ಹವಾನಿಯಂತ್ರಿತ ಕಾಫಿ ಅಂಗಡಿಯಲ್ಲಿ ಈ ದುಡ್ಡಿಗೆ ಕಾಫಿಯೊಂದೇ ಬರುವುದೂ ಅನುಮಾನ. ಇಲ್ಲಿ ಸಾಂಬಾರು, ಚಟ್ನಿಯನ್ನು ಕೇಳಿದಷ್ಟು ಬಡಿಸುತ್ತಾರೆ. ಒಂದೇ ಷರತ್ತು, ತಿಂದು ಮುಗಿಸಿ ಹರಟೆಗೆ ಕೂರುವಂತಿಲ್ಲ. ಹಿಂದೆ ಕಾಯುವವರ ಕಣ್ಣು ನಿಮ್ಮ ತಟ್ಟೆಯ ಮೇಲೇ ಇರುತ್ತದೆ.

ಹರಟೆಗೆ ಕೂರಬೇಕೆಂದರೆ ಕಿಂಗ್ಸ್ ಸರ್ಕಲ್ಲಿನ ಮೂಲೆಗೆ ಬನ್ನಿ. ಕೂಲಾರ್ ಎಂಬ ಇರಾನಿ ಕೆಫೆ 1932ರಿಂದ ಅಲ್ಲಿದೆ. ಹಳೇ ಕಾಲದ ಮರದ ಕುರ್ಚಿ, ಬನ್ ಮಸ್ಕಾ, ಇರಾನಿ ಚಹಾ. ಉಡುಪಿಯವರು ಮತ್ತು ಇರಾನಿಯವರು ಎದುರುಬದುರು ಕೂತು ಒಂದೇ ಬೀದಿಯ ಹೊಟ್ಟೆ ತುಂಬಿಸಿದ್ದನ್ನು ನೋಡಲು ಇಷ್ಟು ಹತ್ತಿರದಲ್ಲಿ ಇನ್ನೊಂದು ಜಾಗ ಸಿಗಲಿಕ್ಕಿಲ್ಲ.

ದುಂಡು ತೋಟ, ಸೇತುವೆಯಡಿಯ ನದಿ

ಕಿಂಗ್ಸ್ ಸರ್ಕಲ್ಲಿನ ಈಗಿನ ಹೆಸರು ಮಹೇಶ್ವರಿ ಉದ್ಯಾನ. ಹಳೆಯ ಹೆಸರಿಗೆ ತಕ್ಕಂತೆ ದುಂಡಗಿನ ತೋಟ. ಸುತ್ತಲೂ ವಾಹನಗಳ ಪ್ರದಕ್ಷಿಣೆ, ವೃತ್ತದ ಹೊರಗೆ ಒಂದೇ ಅಳತೆಯಲ್ಲಿ ಕಟ್ಟಿದಂತೆ ಕಾಣುವ ಹಳೆಯ ಕಟ್ಟಡಗಳ ಸಾಲು. ಹತ್ತಿರದ ಅರೋರಾ ಟಾಕೀಸಿನಲ್ಲಿ ಒಂದು ಕಾಲಕ್ಕೆ ತಮಿಳು ಚಿತ್ರಗಳಿಗೆ ಮುಗಿಬೀಳುವ ಜನ. ಈಗ ಆ ಟಾಕೀಸು ಮುಚ್ಚಿದೆ. ಫುಟ್‌ಪಾತಿನ ಹಳೇ ಪುಸ್ತಕದ ವ್ಯಾಪಾರಿಗಳು ಮಾತ್ರ ಇನ್ನೂ ಇದ್ದಾರೆ. ಸುತ್ತಮುತ್ತ ಕಾಲೇಜುಗಳು ಹೆಚ್ಚಾದ್ದರಿಂದ ಪಠ್ಯಪುಸ್ತಕಗಳೇ ಜಾಸ್ತಿ. ಕಳೆದ ವರ್ಷ ಒಬ್ಬ ಮಾರಿ ಹೋದದ್ದನ್ನು ಈ ವರ್ಷ ಇನ್ನೊಬ್ಬ ಅರ್ಧ ಬೆಲೆಗೆ ಕೊಳ್ಳುತ್ತಾನೆ. ಇಂಜಿನಿಯರಿಂಗಿನ ದಪ್ಪ ಪುಸ್ತಕಗಳ ಅಡಿಯಲ್ಲಿ ಕೈ ಹಾಕಿದರೆ ಕಾದಂಬರಿಗಳೂ ಹಳೆಯ ಮಾಸಪತ್ರಿಕೆಗಳೂ ಸಿಗುತ್ತವೆ. ಪುಟ ತಿರುವುತ್ತ ನಿಂತರೆ ವ್ಯಾಪಾರಿ ಗದರುವುದಿಲ್ಲ, ಬೆಲೆ ಕೇಳಿ ಹಾಗೇ ಹೊರಟರೆ ಮಾತ್ರ ಮುಖ ಸಿಂಡರಿಸಿಕೊಳ್ಳುತ್ತಾನೆ.

ಮಾಟುಂಗಾದಲ್ಲಿ ನಾನು ಎಲ್ಲರಿಗೂ ತೋರಿಸಬೇಕೆನ್ನುವ ಜಾಗ ಇಲ್ಲಿಗೆ ಹತ್ತಿರದಲ್ಲೇ, ಡಾ. ಅಂಬೇಡ್ಕರ್ ರಸ್ತೆಯ ಮೇಲಿನ ತುಳಪುಳೆ ಫ್ಲೈಓವರಿನ ಅಡಿಯಲ್ಲಿದೆ. ಹೆಸರು ನಾನಾಲಾಲ್ ಡಿ. ಮೆಹ್ತಾ ಉದ್ಯಾನ, ತೆರೆದದ್ದು 2016ರಲ್ಲಿ. ಫ್ಲೈಓವರಿನ ಅಡಿ ಏನಿರುತ್ತದೆ ಎಂಬುದು ನಮ್ಮ ನಗರಗಳಲ್ಲಿ ಎಲ್ಲರಿಗೂ ಗೊತ್ತು: ಕೆಟ್ಟು ನಿಂತ ವಾಹನ, ಕಸದ ರಾಶಿ, ಕತ್ತಲಾದ ಮೇಲೆ ಹೆಂಗಸರು ಹಾದುಹೋಗಲು ಹೆದರುವ ಮೂಲೆಗಳು. ಇಲ್ಲಿಯೂ ಅದೇ ಆಗುವುದರಲ್ಲಿತ್ತು. ಮಾಟುಂಗಾದ ನಿವಾಸಿಗಳು ಬಿಡಲಿಲ್ಲ. ಕಾವಲಿಗೆ ತಾವೇ ಜನ ಇಟ್ಟರು, ಪಾಲಿಕೆಯ ಬೆನ್ನು ಹತ್ತಿದರು, ಅರ್ಜಿಯ ಮೇಲೆ ಅರ್ಜಿ ಕೊಟ್ಟರು. ಕೊನೆಗೆ ಆ ಜಾಗ ನಗರದಲ್ಲಿ ಫ್ಲೈಓವರಿನ ಅಡಿಯ ಮೊದಲ ಉದ್ಯಾನವಾಯಿತು.

ಅದರ ನಡಿಗೆ ದಾರಿಯನ್ನು ನರ್ಮದಾ ನದಿಯ ಹರಿವಿನಂತೆ ಅಂಕುಡೊಂಕಾಗಿ ಮಾಡಿದ್ದಾರೆ, ಬಣ್ಣವೂ ನೀರಿನ ನೀಲಿ. ಎರಡೂ ಪಕ್ಕ ಲಾರಿ, ಬಸ್ಸು, ಟ್ಯಾಕ್ಸಿ, ತಲೆಯ ಮೇಲೆ ಇನ್ನೊಂದಿಷ್ಟು ವಾಹನ, ನಡುವೆ ಅಜ್ಜ ಅಜ್ಜಿಯರು ನರ್ಮದೆಯ ದಂಡೆ ಹಿಡಿದು ಸಾವಕಾಶವಾಗಿ ನಡೆಯುತ್ತಾರೆ. ಮಳೆ ಬಂದರೂ ಮೇಲೆ ಚಪ್ಪರ ಇದ್ದೇ ಇದೆ. ಹೊಗೆಯಿಲ್ಲ ಎನ್ನಲಾರೆ, ಗದ್ದಲವಂತೂ ಇದ್ದದ್ದೇ. ಆದರೆ ಬೆಂಗಳೂರಿನ, ಹುಬ್ಬಳ್ಳಿಯ, ಮಂಗಳೂರಿನ ನಗರಪಾಲಿಕೆಯವರು ಮುಂಬಯಿಗೆ ಅಧ್ಯಯನ ಪ್ರವಾಸಕ್ಕೆ ಬಂದರೆ ಮೊದಲು ಇಲ್ಲಿ ಒಂದು ಸುತ್ತು ನಡೆಯಲಿ ಎಂದು ನನ್ನ ಆಸೆ.

ಬೀದಿಯನ್ನೇ ಓದುವುದು

ಬಿಸಿಲು ಏರುವ ಮೊದಲು ಒಳಬೀದಿಗಳಿಗೆ ನುಗ್ಗಿ. ಇಲ್ಲಿಯ ಅಗಲ ರಸ್ತೆ, ಎರಡೂ ಕಡೆಯ ಮರ, ನಡೆಯಲು ಸಿಗುವ ಫುಟ್‌ಪಾತು, ಇವು ತಾವಾಗಿ ಆದದ್ದಲ್ಲ. 1896ರಲ್ಲಿ ಬಂದರಿನ ಕಡೆಯ ಗಲ್ಲಿಗಳಲ್ಲಿ ಪ್ಲೇಗು ಕಾಣಿಸಿಕೊಂಡು ಊರು ತತ್ತರಿಸಿತು. ಗಾಳಿ ಬೆಳಕಿಲ್ಲದ ಇಕ್ಕಟ್ಟಾದ ಮನೆಗಳೇ ಇದಕ್ಕೆ ಕಾರಣವೆಂದು ಬಗೆದ ಸರಕಾರ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ಗದ್ದೆಗಳೂ ಹಳ್ಳಿಗಳೂ ಇದ್ದ ದಾದರ್, ಮಾಟುಂಗಾ ಕಡೆಯ ನೆಲವನ್ನು ಟ್ರಸ್ಟು ವಶಪಡಿಸಿಕೊಂಡು, ರಸ್ತೆ ಎಳೆದು, ತೋಟಕ್ಕೆ ಜಾಗ ಬಿಟ್ಟು ನಿವೇಶನ ಮಾಡಿತು. ನಮ್ಮ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳಿಗೆ ಜನ ಹರಿದು ಬಂದದ್ದೂ ಅದೇ ಪ್ಲೇಗಿನ ಭಯದಲ್ಲಿ. ಎರಡೂ ಊರಿನ ಈ ಬಡಾವಣೆಗಳಲ್ಲಿ ನಡೆದವರಿಗೆ ಹೋಲಿಕೆ ತಟ್ಟನೆ ತಿಳಿಯುತ್ತದೆ.

ರಸ್ತೆಯ ಹೆಸರುಗಳನ್ನು ಗಮನಿಸುತ್ತ ಹೋಗಿ. ರಾಮಕೃಷ್ಣ ಗೋಪಾಲ ಭಂಡಾರ್ಕರ್ ಸಂಸ್ಕೃತ ವಿದ್ವಾಂಸರು. ಕಾಶೀನಾಥ ತ್ರ್ಯಂಬಕ ತೆಲಂಗ್ ನ್ಯಾಯಮೂರ್ತಿಗಳು, ಭಗವದ್ಗೀತೆಯನ್ನು ಇಂಗ್ಲಿಷಿಗೆ ತಂದವರು. ಭಾವು ದಾಜಿ ವೈದ್ಯರು, ಶಾಸನಗಳನ್ನು ಓದಿದವರು. ತರಕಾರಿ ಕೊಳ್ಳಲು ಬಂದವರು ವಿದ್ವಾಂಸರ ಸಭೆಯ ನಡುವೆ ನಡೆದುಹೋಗುತ್ತಾರೆ.

ಕಟ್ಟಡಗಳನ್ನು ನೋಡಲು ತಲೆ ಸ್ವಲ್ಪ ಮೇಲೆತ್ತಬೇಕು. 1930 ಮತ್ತು 40ರ ದಶಕಗಳಲ್ಲಿ ಎದ್ದ ಮೂರು ನಾಲ್ಕು ಅಂತಸ್ತಿನ ಮನೆಗಳು, ಮೂಲೆಯಲ್ಲಿ ದುಂಡಗೆ ತಿರುಗುವ ಬಾಲ್ಕನಿಗಳು, ಮೆಟ್ಟಿಲ ಪಕ್ಕದಲ್ಲಿ ಉದ್ದುದ್ದ ಜಾಲರಿ, ಹೆಸರು ಬರೆದ ಗಾರೆಯ ಅಕ್ಷರಗಳು. ಆರ್ಟ್ ಡೆಕೋ ಎಂಬ ಶೈಲಿ ಇದು. ಮರೀನ್ ಡ್ರೈವಿನಲ್ಲಿ ಶ್ರೀಮಂತರಿಗೆ ಕಟ್ಟಿದ್ದನ್ನೇ ಇಲ್ಲಿ ಗುಮಾಸ್ತರ ಸಂಬಳಕ್ಕೆ ಹೊಂದುವಂತೆ ಕಟ್ಟಿದರು. ಫೋರ್ಟಿನ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ರೈಲ್ವೆಯಲ್ಲಿ ಕೆಲಸಕ್ಕೆ ಬಂದ ದಕ್ಷಿಣದವರು ಚಾಳಿನ ಬದಲು ಈ ಬಾಡಿಗೆ ಮನೆಗಳಿಗೆ ಬಂದರು. ಚಾಳಿನಲ್ಲಿ ಶೌಚಾಲಯ ಹೊರಗೆ, ಅದೂ ಎಲ್ಲರಿಗೂ ಸೇರಿ. ಇಲ್ಲಿ ಅಡುಗೆಮನೆ, ಬಚ್ಚಲು, ಶೌಚಾಲಯ ಎಲ್ಲ ಒಂದೇ ಬಾಗಿಲೊಳಗೆ. ಮಡಿ ಮೈಲಿಗೆಯ ಲೆಕ್ಕವಿದ್ದ ಮನೆತನಗಳಿಗೆ ಮನೆಯೊಳಗೇ ಶೌಚಾಲಯ ಎಂಬುದು ಮೊದಮೊದಲು ಇರುಸುಮುರುಸು. ಫ್ಲ್ಯಾಟಿನ ಬದುಕಿಗೆ ಮುಂಬಯಿಯ ಮಧ್ಯಮವರ್ಗ ಒಗ್ಗಿಕೊಂಡದ್ದು ಇಂಥ ಬೀದಿಗಳಲ್ಲಿ. ಈಗ ಹಳೆಯದು ಕೆಡವಿ ಇಪ್ಪತ್ತು ಮೂವತ್ತು ಅಂತಸ್ತು ಏರಿಸುವ ಕೆಲಸ ಬಿರುಸಾಗಿದೆ. ನೋಡುವುದಿದ್ದರೆ ಬೇಗ ಬನ್ನಿ.

ಮಧ್ಯಾಹ್ನದ ಎಲೆ

ಸುತ್ತಿ ಹಸಿವಾದಾಗ ಮತ್ತೆ ಸ್ಟೇಷನ್ನಿನ ಬಳಿಗೆ ಬನ್ನಿ. ಮುನಿಸಿಪಲ್ ಮಾರ್ಕೆಟ್ ಕಟ್ಟಡದ ಮೊದಲ ಮಹಡಿಯಲ್ಲಿ ‘ಎ. ರಾಮ ನಾಯಕ್ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್’. 1942ರಲ್ಲಿ ಶುರುವಾದದ್ದು. ಒಂಟಿಯಾಗಿ ದುಡಿಯಲು ಬಂದವರಿಗೆ ಮನೆಯೂಟದ ನೆನಪು ಕಾಡದಂತೆ ಊಟ ಹಾಕುವುದು ಬೋರ್ಡಿಂಗುಗಳ ಕೆಲಸವಾಗಿತ್ತು. ಮುಂಬಯಿಯಲ್ಲಿ ಅಂಥವು ಒಂದೊಂದಾಗಿ ಬಾಗಿಲು ಹಾಕಿದವು, ಇದು ಉಳಿದಿದೆ. ಕೂಪನ್ ತೆಗೆದುಕೊಂಡು ಸರದಿ ಕಾಯಬೇಕು. ಬಾಳೆಲೆಯ ಮೇಲೆ ಬೇಕಾದಷ್ಟು ಬಡಿಸುವ ಊಟ ಒಂದು ಬಗೆ, ಅಳತೆಯ ತಟ್ಟೆ ಊಟ ಇನ್ನೊಂದು. ತಟ್ಟೆಯದು ಅಗ್ಗ. ನಡೆದು ನಡೆದು ಹಸಿದವರಿಗೆ ಎಲೆಯೇ ಲಾಭ. ಸಾರು, ಕೂಟು, ಪಲ್ಯ, ತೊವ್ವೆ, ಮಜ್ಜಿಗೆ. ಅಡುಗೆಮನೆ ನೋಡಬೇಕೆಂದರೆ ನೋಡಬಹುದು, ಮುಚ್ಚುಮರೆಯಿಲ್ಲ. ಪಕ್ಕದ ಎಲೆಗೆ ಕೂತವರು ಗುಜರಾತಿ ಸೇಠು ಇರಬಹುದು, ಬ್ಯಾಂಕಿನ ನಿವೃತ್ತ ಮೇನೇಜರ್ ಇರಬಹುದು, ಪರೀಕ್ಷೆ ಮುಗಿಸಿ ಬಂದ ಹುಡುಗರಿರಬಹುದು. ಎಲ್ಲರಿಗೂ ಒಂದೇ ಪಂಕ್ತಿ, ಒಂದೇ ಸಾರು. ಸೋಮವಾರ ಇಲ್ಲಿಯೂ ರಜೆ. ಹಾಗಾಗಿ ಮಾಟುಂಗಾಕ್ಕೆ ಸೋಮವಾರ ಬೇಡ.

ಐದು ತೋಟಗಳ ನೆರಳು

ಊಟದ ಮೇಲಿನ ಬಿಸಿಲನ್ನು ನೆರಳಲ್ಲಿ ಕಳೆಯಬೇಕು. ಕಿಂಗ್ಸ್ ಸರ್ಕಲ್ ಕಡೆಯ ಡಾನ್ ಬಾಸ್ಕೊ ಶಾಲೆಯ ಆವರಣದಲ್ಲಿ ಮಡೋನಾ ಇಗರ್ಜಿ ಇದೆ, 1957ರದ್ದು. ಅಮೃತಶಿಲೆಯ ನೆಲ, ಎತ್ತರದ ಚಾವಣಿ, ತಣ್ಣಗಿನ ಮೌನ. ಪ್ರಾರ್ಥನೆಯ ಹೊತ್ತಲ್ಲದಾಗ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರೆ ಯಾವ ಧರ್ಮದವರಿಗೂ ತಕರಾರಿಲ್ಲ.

ಅಲ್ಲಿಂದ ಫೈವ್ ಗಾರ್ಡನ್ ಕಡೆ ನಡೆಯುವ ದಾರಿಯೆಲ್ಲ ವಿದ್ಯಾಸಂಸ್ಥೆಗಳು. ವಿಕ್ಟೋರಿಯಾ ರಾಣಿಯ ಜುಬಿಲಿಯ ನೆನಪಿಗೆ 1887ರಲ್ಲಿ ಹುಟ್ಟಿ 1923ರಲ್ಲಿ ಮಾಟುಂಗಾಕ್ಕೆ ಬಂದ ತಾಂತ್ರಿಕ ಸಂಸ್ಥೆ ಈಗಿನ ವಿ.ಜೆ.ಟಿ.ಐ. ಅದರ ಆಸುಪಾಸಿನಲ್ಲೇ ಮುಂಬಯಿ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗವಿತ್ತು. ಅದೀಗ ಪ್ರತ್ಯೇಕ ವಿಶ್ವವಿದ್ಯಾಲಯವಾಗಿ ಐ.ಸಿ.ಟಿ. ಎನಿಸಿದೆ. ಕನ್ನಡ ಓದುಗರಿಗೆ ಈ ಗೇಟಿನ ಮುಂದೆ ನಿಲ್ಲಲು ಒಂದು ಕಾರಣವಿದೆ. ‘ಶಿಕಾರಿ’ಯ ಯಶವಂತ ಚಿತ್ತಾಲರು ಹನೇಹಳ್ಳಿಯಿಂದ ಮುಂಬಯಿಗೆ ಬಂದು ತಾಂತ್ರಿಕ ಪದವಿ ಪಡೆದದ್ದು ಈ ವಿಭಾಗದಲ್ಲಿ. ಕಂಪನಿಯ ಜಗತ್ತನ್ನು ಕನ್ನಡ ಕಾದಂಬರಿಗೆ ತಂದ ಬರಹಗಾರನ ಮೊದಲ ಪಾಠಗಳು ಪ್ರಯೋಗಶಾಲೆಯವು.

ಫೈವ್ ಗಾರ್ಡನ್ ಎಂದರೆ ವೃತ್ತವೊಂದರ ಸುತ್ತ ಹರಡಿದ ಐದು ತೋಟಗಳು. ಪೂರ್ಣ ಹೆಸರಲ್ಲಿ ಮಂಚೇರ್ಜಿ ಜೋಶಿ ಎಂಬ ಪಾರ್ಸಿ ಇಂಜಿನಿಯರರ ಹೆಸರಿದೆ. ಇಂಪ್ರೂವ್‌ಮೆಂಟ್ ಟ್ರಸ್ಟಿನಲ್ಲಿ ಕೆಲಸದಲ್ಲಿದ್ದ ಅವರು ಮಧ್ಯಮವರ್ಗದ ಪಾರ್ಸಿಗಳಿಗೆ ನಿವೇಶನ ಕಾದಿರಿಸುವಂತೆ ಟ್ರಸ್ಟನ್ನು ಒಪ್ಪಿಸಿದರು. ಪಕ್ಕದ ದಾದರ್ ಪಾರ್ಸಿ ಕಾಲನಿ ಹುಟ್ಟಿದ್ದು ಹಾಗೆ. ಮುಂಬಯಿಯ ಬೇರೆ ಪಾರ್ಸಿ ಬಾಗ್‌ಗಳಿಗೆ ಗೋಡೆ, ಗೇಟು, ಕಾವಲು ಇರುತ್ತದೆ. ಈ ಕಾಲನಿಗೆ ಗೋಡೆಯಿಲ್ಲ, ಯಾರು ಬೇಕಾದರೂ ನಡೆದುಹೋಗಬಹುದು. ಒಂದೊಂದು ಬೀದಿಗೂ ಸಾಲುಮರ, ಎತ್ತರದ ಕಿಟಕಿ, ಬಾಲ್ಕನಿಯಲ್ಲಿ ಆರಾಮ ಕುರ್ಚಿ. ಅವರ ಅಗ್ನಿದೇಗುಲವಾದ ಅಗ್ಯಾರಿಯೊಳಗೆ ಮಾತ್ರ ಪಾರ್ಸಿಗಳಲ್ಲದವರಿಗೆ ಪ್ರವೇಶವಿಲ್ಲ, ಹೊರಗಿನಿಂದಲೇ ನೋಡಿ ಮುಂದೆ ಹೋಗಬೇಕು.

ತೋಟಗಳಲ್ಲಿ ಬೆಳಗ್ಗೆ ವ್ಯಾಯಾಮದವರು, ಮಧ್ಯಾಹ್ನ ಕಾಲೇಜಿನ ಜೋಡಿಗಳು, ಸಂಜೆ ಕ್ರಿಕೆಟ್ಟಿನ ಹುಡುಗರು. ಕತ್ತಲಾಗುವ ಹೊತ್ತಿಗೆ ರಸ್ತೆಯ ಅಂಚಿನಲ್ಲಿ ವಡಾಪಾವ್, ಭೇಳ್, ಗೋಳಾ ಐಸಿನ ಗಾಡಿಗಳು. ಇಪ್ಪತ್ತು ಮೂವತ್ತು ರೂಪಾಯಿಗೆ ಸಂಜೆಯ ತಿಂಡಿ ಮುಗಿಯುತ್ತದೆ. ಹಳೇ ಹಿಂದಿ ಚಿತ್ರಗಳ ಹುಚ್ಚಿದ್ದವರು ಹತ್ತಿರದ ಕಾಲೇಜ್ ಬ್ಯಾಕ್ ರೋಡನ್ನು ಕೇಳಿಕೊಂಡು ಹೋಗಬಹುದು. 1940ರ ದಶಕದಲ್ಲಿ ಪೃಥ್ವೀರಾಜ್ ಕಪೂರರ ಸಂಸಾರ ಅಲ್ಲಿತ್ತು. ಗಾಯಕ ನಟ ಸೈಗಲ್ ಕೂಡ ಮಾಟುಂಗಾದವರೇ.

ಸಂಜೆಗೆ ಕನ್ನಡ

ಸೂರ್ಯ ಇಳಿದ ಮೇಲೆ ಮಾಟುಂಗಾದಲ್ಲಿ ಕನ್ನಡದ ಹೊತ್ತು. ಭಾವು ದಾಜಿ ರಸ್ತೆಯಲ್ಲಿ ಮೈಸೂರು ಅಸೋಸಿಯೇಷನ್ ಇದೆ. 1926ರಲ್ಲಿ ಸ್ಥಾಪನೆಯಾದ ಸಂಸ್ಥೆ, ತನ್ನದೇ ಸಭಾಂಗಣ, ‘ನೇಸರು’ ಎಂಬ ತಿಂಗಳೋಲೆ. ಆಚೆ ಕಡೆ, ಮಾಟುಂಗಾ ಪಶ್ಚಿಮದಲ್ಲಿ, 1933ರ ಕರ್ನಾಟಕ ಸಂಘ. ಅದರ ಕಟ್ಟಡಕ್ಕೆ ವಿಶ್ವೇಶ್ವರಯ್ಯನವರ ಹೆಸರು. ಬೆಳಗ್ಗೆ ಹೇಳಿದ ಜ಼ೆಡ್ ಬ್ರಿಜ್ ಈಗ ಉಪಯೋಗಕ್ಕೆ ಬಂತು. ರೈಲು ಹಳಿಗಳನ್ನು ದಾಟಿ ಆಚೆ ಇಳಿದರೆ ಸಂಘ ದೂರವಿಲ್ಲ.

ಈ ಎರಡೂ ಕಡೆ ನಾಟಕ, ಉಪನ್ಯಾಸ, ಪುಸ್ತಕ ಬಿಡುಗಡೆ, ಸಂಗೀತ, ತಾಳಮದ್ದಳೆ ವರ್ಷವಿಡೀ ನಡೆಯುತ್ತವೆ. ಹೆಚ್ಚಿನವಕ್ಕೆ ಟಿಕೆಟ್ ಇಲ್ಲ. ಇವತ್ತು ಏನಿದೆ ಎಂದು ತಿಳಿಯಲು ಬೆಳಗಿನ ‘ಕರ್ನಾಟಕ ಮಲ್ಲ’ವನ್ನೋ ‘ಉದಯವಾಣಿ’ಯ ಮುಂಬಯಿ ಆವೃತ್ತಿಯನ್ನೋ ನೋಡಿಕೊಳ್ಳಿ. ಮಳೆಗಾಲದಲ್ಲಿ ಬಂದರೆ ಅದೃಷ್ಟ. ಪತ್ತನಾಜೆಗೆ ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸಿದ ಮೇಲೆ ಕರಾವಳಿಯ ಯಕ್ಷಗಾನ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಬರುತ್ತಾರೆ. ದಾನಿಗಳು, ಸಂಘದವರು ಆಡಿಸುವ ಆಟಗಳು ಇಲ್ಲಿಯೂ ಉಪನಗರಗಳ ಸಭಾಂಗಣಗಳಲ್ಲಿಯೂ ನಡೆಯುತ್ತವೆ. ಊರಿನಲ್ಲಿ ಬಯಲಿನ ಮಂಜಿನಲ್ಲಿ ಕೂತು ನೋಡಿದ್ದನ್ನು ಇಲ್ಲಿ ಫ್ಯಾನಿನ ಕೆಳಗೆ ನೋಡಬಹುದು, ಕಾಸು ಬಿಚ್ಚದೆ.

ಈ ಸಂಘಗಳನ್ನು ಕಟ್ಟಿದವರು ಯಾರೆಂದೂ ತಿಳಿದಿರಬೇಕು. ಹಗಲು ಹೋಟೆಲಿನಲ್ಲಿ ಮೇಜು ಒರೆಸಿ, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಎಸ್.ಎಸ್.ಸಿ. ಮಾಡಿ, ಮುಂದೆ ವಕೀಲರಾದವರು, ಬ್ಯಾಂಕಿನವರಾದವರು, ತಾವೇ ಹೋಟೆಲು ಹಾಕಿದವರು ಮುಂಬಯಿಯ ಕನ್ನಡ ಸಮಾಜದಲ್ಲಿ ಒಂದು ಇಡೀ ತಲೆಮಾರು ಇದ್ದಾರೆ. ಕಚೇರಿಯ ಸಂಬಳದವರು ಮತ್ತು ಹೋಟೆಲಿನ ಗಲ್ಲಾದವರು ಕೂಡಿ ಹಾಕಿದ ಚಂದಾದಿಂದ ಸಂಘಗಳು ನಿಂತವು. ವೇದಿಕೆಯ ಮೇಲೆ ನಾಟಕ ಬಿಟ್ಟಿ ನೋಡಲು ಸಿಗುತ್ತದೆಂದರೆ ಅದರ ಬಾಬ್ತು ಎಂದೋ ಯಾರೋ ತೀರಿಸಿದ್ದಾರೆ.

ಕರ್ನಾಟಕ ಸಂಗೀತದವರಿಗೆ ಷಣ್ಮುಖಾನಂದ ಸಭೆಯ ಹೆಸರು ಹೇಳಬೇಕಾಗಿಲ್ಲ. ಕಿಂಗ್ಸ್ ಸರ್ಕಲ್ ನಿಲ್ದಾಣದ ಬಳಿ, ಸಾಯನ್ ಗಡಿಯಲ್ಲಿದೆ. ಸಭೆ ಹುಟ್ಟಿದ್ದು 1952ರಲ್ಲಿ, ಸಭಾಂಗಣ ತೆರೆದದ್ದು 1963ರಲ್ಲಿ. 1990ರಲ್ಲಿ ಬೆಂಕಿಗೆ ಆಹುತಿಯಾಗಿ, ಮತ್ತೆ ಕಟ್ಟಿ 1998ರಲ್ಲಿ ಬಾಗಿಲು ತೆರೆಯಿತು. ಆಸನಗಳು 2,763. ದೊಡ್ಡ ಕಲಾವಿದರ ಕಛೇರಿಗೆ ಟಿಕೆಟ್ ಇದ್ದೇ ಇರುತ್ತದೆ. ಮೇಲಿನ ಬಾಲ್ಕನಿಯದು ಕಡಿಮೆ ಬೆಲೆ, ಮತ್ತು ಅಲ್ಲಿಗೂ ಧ್ವನಿ ಚೆನ್ನಾಗಿ ಬರುತ್ತದೆ.

ಹಬ್ಬದ ದಿನ, ಮಳೆಯ ದಿನ

ಗಣೇಶ ಚೌತಿಯ ಐದು ದಿನ ಈ ಪುಟ್ಟ ಬಡಾವಣೆಗೆ ಇಡೀ ಮುಂಬಯಿ ಬರುತ್ತದೆ. ಕಿಂಗ್ಸ್ ಸರ್ಕಲ್ಲಿನ ಜಿ.ಎಸ್.ಬಿ. ಸೇವಾ ಮಂಡಲದ ಗಣಪತಿ ನಗರದಲ್ಲೇ ಅತಿ ಶ್ರೀಮಂತ ಎನಿಸಿಕೊಂಡವನು. 2025ರಲ್ಲಿ ಉತ್ಸವಕ್ಕೆ ಮಾಡಿಸಿದ ವಿಮೆಯೇ ₹474 ಕೋಟಿ ದಾಟಿತ್ತು. ಮೈಮೇಲೆ ಅಷ್ಟು ಚಿನ್ನ ಬೆಳ್ಳಿ ಇದ್ದರೂ ಮೂರ್ತಿ ಮಾತ್ರ ಮಣ್ಣಿನದು. ನಡೆಸುವವರಲ್ಲಿ ಕೆನರಾ ಕರಾವಳಿಯಿಂದ ಬಂದ ಕೊಂಕಣಿ ಮನೆತನಗಳವರು ಬಹಳ. ದರ್ಶನಕ್ಕೂ ಊಟದ ಪ್ರಸಾದಕ್ಕೂ ದುಡ್ಡಿಲ್ಲ. ಕೊಡಬೇಕಾದ್ದು ಸಾಲಿನಲ್ಲಿ ನಿಲ್ಲುವ ತಾಳ್ಮೆ.

ಜುಲೈ, ಆಗಸ್ಟಿನ ದೊಡ್ಡ ಮಳೆಗೆ ಮಾತ್ರ ಎಚ್ಚರ ಬೇಕು. ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ತಗ್ಗು ಪ್ರದೇಶ. ಭರತದ ಹೊತ್ತಿಗೆ ಮಳೆ ಸುರಿದರೆ ಮೊಣಕಾಲುದ್ದ ನೀರು ನಿಲ್ಲುತ್ತದೆ. ಅಂಥ ದಿನ ಬೆಳಗ್ಗೆ ಹವಾಮಾನದ ಸುದ್ದಿ ನೋಡಿಯೇ ಹೊರಡಿ. ಆಕಾಶ ತೆರೆದಿದ್ದು ಕಾಲಲ್ಲಿ ಇನ್ನೂ ಶಕ್ತಿ ಇದ್ದರೆ ಒಂದು ಸ್ಟೇಷನ್ ಮುಂದೆ ಸಾಯನ್ನಿಗೆ ಹೋಗಿ ಗುಡ್ಡದ ಮೇಲಿನ ಕೋಟೆ ಹತ್ತಬಹುದು. ಈಸ್ಟ್ ಇಂಡಿಯಾ ಕಂಪನಿಯವರು 1669ರಿಂದ 1677ರ ನಡುವೆ, ಆಚೆಯ ಸಾಷ್ಟಿ ದ್ವೀಪದ ಪೋರ್ಚುಗೀಸರ ಮೇಲೆ ಕಣ್ಣಿಡಲು ಕಟ್ಟಿದ್ದು. ಗೋಡೆಗಳು ಶಿಥಿಲವಾಗಿವೆ, ಮೇಲಿಂದ ಕಾಣುವ ನೋಟ ಗಟ್ಟಿಯಾಗಿದೆ. ಹತ್ತಲು ಶುಲ್ಕವಿಲ್ಲ. ಕತ್ತಲಾಗುವ ಮೊದಲು ಇಳಿದುಬಿಡಿ.

ಲೆಕ್ಕ

ಕೊನೆಗೆ ಖರ್ಚು ಕೂಡಿಸೋಣ. ಲೋಕಲ್ ಟಿಕೆಟ್ ಹೋಗಿಬರಲು ಹತ್ತು, ಇಪ್ಪತ್ತು ರೂಪಾಯಿ. ನಡೆಯಲಾಗದವರಿಗೆ ಬೆಸ್ಟ್ ಬಸ್ಸು, 2025ರ ಮೇ ತಿಂಗಳಿಂದ ಸಾದಾ ಬಸ್ಸಿಗೆ ಕನಿಷ್ಠ ₹10, ಎ.ಸಿ. ಬಸ್ಸಿಗೆ ₹12. ಬೆಳಗಿನ ತಿಂಡಿ ಕಾಫಿ, ಮಧ್ಯಾಹ್ನದ ಊಟ, ಸಂಜೆಯ ವಡಾಪಾವ್. ದಿನದ ದೊಡ್ಡ ಬಾಬ್ತು ಊಟದ್ದೇ, ಉಳಿದದ್ದೆಲ್ಲ ಚಿಲ್ಲರೆ. ತೋಟ, ದೇವಸ್ಥಾನ, ಇಗರ್ಜಿ, ಬೀದಿ, ಪುಸ್ತಕದ ಸಾಲು, ಸಭಾಂಗಣದ ನಾಟಕ ಇವ್ಯಾವುದಕ್ಕೂ ಹಣವಿಲ್ಲ.

ಹಣವಿಲ್ಲ ಎಂದು ಅದಕ್ಕೆ ಬೆಲೆಯಿಲ್ಲ ಎಂದುಕೊಳ್ಳಬಾರದು. ಪ್ಲೇಗಿಗೆ ಬೆದರಿದ ಸರಕಾರ ತೋಟಕ್ಕೆ ನೆಲ ಬಿಟ್ಟಿತು, ಪಾರ್ಸಿ ಇಂಜಿನಿಯರ್ ತನ್ನವರಿಗಾಗಿ ಹಟ ಹಿಡಿದ, ಗುಮಾಸ್ತರೂ ಹೋಟೆಲಿನವರೂ ಚಂದಾ ಎತ್ತಿದರು, ಈ ಕಾಲದ ನಿವಾಸಿಗಳು ಫ್ಲೈಓವರಿನ ಅಡಿಯನ್ನು ಕಸಕ್ಕೆ ಬಿಟ್ಟುಕೊಡಲಿಲ್ಲ. ಹಳೆಯ ಮನೆಗಳು ಉರುಳುತ್ತಿರುವ ಈ ಹೊತ್ತಿನಲ್ಲಿ ಇವೆಲ್ಲ ಉಳಿಯಬೇಕಾದರೆ ಬಳಸುವವರು ಬೇಕು. ಮುಂಬಯಿಯ ಕನ್ನಡಿಗರಲ್ಲಿ ನನ್ನದೊಂದು ಬಿನ್ನಹ: ಮಾಟುಂಗಾದ ಸಭಾಂಗಣದಲ್ಲಿ ಮುಂದಿನ ಸಲ ನಾಟಕವೋ ತಾಳಮದ್ದಳೆಯೋ ಇದ್ದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ. ಬರುವಾಗ ‘ನೇಸರು’ವಿಗೆ ಚಂದಾ ಕಟ್ಟಿ ಬನ್ನಿ.